ಒಪ್ಪಿದ್ದಾಳೆ, ಮುಂದೆ ಓದಿ

"ಅಪ್ಪ, ನಿನಗೂ ಅಮ್ಮನಿಗೂ ಮದುವೇನೇ ಆಗಿಲ್ವಂತೆ."

ಡ್ರೈವರ್ ಆಗಷ್ಟೇ ಬಸ್ ಡಿಪೋದಿಂದ ಬಂದು ಬಾಗಿಲ ಬಳಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಹೇಳಿದವಳು ಮಗಳು. ಕೇಳಿದ ಸುದ್ದಿ ಹೊಟ್ಟೆಯಲ್ಲಿ ಐದು ನಿಮಿಷ ನಿಲ್ಲದ ಕಾರಣ ಮನೆಯಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಕಾಲೇಜಿನಿಂದ ಬರುವಾಗ ಚರ್ಚಿನ ಆಫೀಸಿಗೆ ಹೋಗಿ ಒಂದು ಕಾಗದ ತಾ ಎಂದು ಅಪ್ಪ ಬೆಳಗ್ಗೆ ಹೇಳಿದ್ದ. ಕಾಗದ ಬಿಟ್ಟು ಇದನ್ನು ತಂದಿದ್ದಳು.

"ಯಾರು ಹೇಳಿದ್ದು?"

"ಫಾದರೇ ಹೇಳಿದ್ರು. ನೀವು ಮದುವೆ ಆದ ಊರಿನ ಚರ್ಚಿಂದ ಉತ್ತರ ಬಂದಿದೆ. ರಿಜಿಸ್ಟರ್‌ನಲ್ಲಿ ನಿಮ್ಮಿಬ್ಬರ ಹೆಸರೇ ಇಲ್ಲ. ಹಿಂದಿನ ವರ್ಷ, ಮುಂದಿನ ವರ್ಷ ಎಲ್ಲಾ ಹುಡುಕಿದ್ದಾರಂತೆ."

ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಹೆಂಡತಿಯ ಕೈ ನಿಂತಿತು. ಕಿಟಕಿಯ ಪಕ್ಕ ಜಪಸರ ಹಿಡಿದು ಕೂತಿದ್ದ ಅಜ್ಜಿ, ಅಂದರೆ ಡ್ರೈವರಿನ ತಾಯಿ, ತಲೆ ಎತ್ತಿದಳು. ಅವಳ ಕಿವಿ ಮಂದ, ಆದರೆ ಬೇಕಾದ ಮಾತು ಮಾತ್ರ ಹೇಗೋ ಒಳಗೆ ಹೋಗುತ್ತಿತ್ತು.

"ಹಾಗಾದ್ರೆ ಇಷ್ಟು ವರ್ಷ ನನಗೆ ಮಾತ್ರೆ ಕೊಡ್ತಿರೋಳು ಯಾರು?" ಎಂದಳು ಅಜ್ಜಿ.

"ನಾನೇ ಅತ್ತೆ. ನಿಮ್ಮ ಮಗನಿಗೆ ಬೇರೆ ಯಾರೂ ಸಿಗಲಿಲ್ಲ," ಎಂದು ಹೆಂಡತಿ ಮತ್ತೆ ಸಿಪ್ಪೆ ತೆಗೆಯತೊಡಗಿದಳು.

ಆ ಕಾಗದ, ಅಂದರೆ ಮದುವೆಯ ದಾಖಲೆ, ಬೇಕಾಗಿದ್ದದ್ದು ಜುಬಿಲಿಗೆ. ಅವರ ಚರ್ಚಿನಲ್ಲಿ ವರ್ಷಕ್ಕೊಂದು ಭಾನುವಾರ, ಮದುವೆಯಾಗಿ ಇಪ್ಪತ್ತೈದೋ ಐವತ್ತೋ ವರ್ಷ ತುಂಬಿದ ಜೋಡಿಗಳನ್ನು ಪೂಜೆಯ ನಡುವೆ ಮುಂದೆ ಕರೆದು ಆಶೀರ್ವದಿಸುವುದು ವಾಡಿಕೆ. ಆಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಕೇಕು, ಕಾಫಿ, ಫೋಟೊ. ಈ ಸಲದ ಪಟ್ಟಿಯಲ್ಲಿ ಡ್ರೈವರ್ ತಮ್ಮಿಬ್ಬರ ಹೆಸರು ಬರೆಸಿ ಬಂದಿದ್ದ. ಬರೆಸಿದ ಮೇಲೆ, ಊಟಕ್ಕೆ ಕೂತಾಗ, ಉಪ್ಪಿನ ಡಬ್ಬಿ ಕೇಳುವ ಧಾಟಿಯಲ್ಲಿ ಹೆಂಡತಿಗೆ ತಿಳಿಸಿದ್ದ. ಅವಳು ಉಪ್ಪು ಕೊಟ್ಟಿದ್ದಳು, ಅಷ್ಟೇ.

ಮಾರನೆಯ ಸಂಜೆ ಗಂಡ ಹೆಂಡತಿ ಇಬ್ಬರೂ ಫಾದರ್ ಆಫೀಸಿನಲ್ಲಿ ಕೂತರು. ಫಾದರ್ ಡ್ರೈವರಿಗಿಂತ ಹದಿನೈದು ವರ್ಷ ಚಿಕ್ಕವರು. ಕೆಟ್ಟ ಸುದ್ದಿ ಹೇಳುವಾಗ ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸುವುದು ಅವರ ಅಭ್ಯಾಸ. ಆವತ್ತು ಐದು ಪೆನ್ನು ಜೋಡಿಸಿದರು.

ಅವರು ಕೇಳುತ್ತಾ ಹೋದರು, ಡ್ರೈವರ್ ಹೇಳುತ್ತಾ ಹೋದ. ಮದುವೆ ಆಗಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಡ್ರೈವರಿನ ತಂದೆಗೆ ಪುಪ್ಪುಸ ಕೈಕೊಟ್ಟಿತ್ತು, ವಾರ ದಾಟುವುದು ಕಷ್ಟ ಎಂದಿದ್ದರು ಡಾಕ್ಟರು. ಮೂರು ತಿಂಗಳು ಬಿಟ್ಟು ಇದ್ದ ಮದುವೆಯನ್ನು ಒಂದು ಮಂಗಳವಾರಕ್ಕೆ ಎಳೆದು ತಂದರು. ಮಾಡಿಸಿದ್ದು ಡ್ರೈವರಿನ ಚಿಕ್ಕಪ್ಪ. ದೂರದ ದೇಶದ ಮಠವೊಂದರಲ್ಲಿದ್ದ ಪಾದ್ರಿ, ಅಣ್ಣನನ್ನು ನೋಡಲು ರಜೆಯ ಮೇಲೆ ಬಂದಿದ್ದವರು. ಎರಡು ಕಬ್ಬಿಣದ ಮಂಚಗಳ ನಡುವೆ ಪರದೆ ಎಳೆದು, ಹತ್ತು ನಿಮಿಷದಲ್ಲಿ ಮುಗಿಸಿದ್ದರು.

"ಅಲ್ಲಿನ ಚರ್ಚಿನ ಫಾದರ್‌ಗೆ ಹೇಳಿದ್ರಾ? ಅವರಿಂದ ಅನುಮತಿ ತಗೊಂಡಿದ್ರಾ ನಿಮ್ಮ ಚಿಕ್ಕಪ್ಪ?"

ಡ್ರೈವರ್ ತಲೆ ಕೆರೆದುಕೊಂಡ. ಚಿಕ್ಕಪ್ಪನೇ ಪಾದ್ರಿಯಾಗಿರುವಾಗ ಇನ್ನಾರ ಅನುಮತಿ ಎಂದುಕೊಂಡಿದ್ದರು ಮನೆಯವರೆಲ್ಲ. ಹೆಸರುಗಳನ್ನು ಚಿಕ್ಕಪ್ಪ ತಮ್ಮ ಪ್ರಾರ್ಥನೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದರು, ನಾಳೆ ಚರ್ಚಿಗೆ ಕೊಡುತ್ತೇನೆ ಎಂದು. ನಾಳೆ ಬಂದದ್ದು ಅಣ್ಣನ ಸಾವು. ಆಮೇಲೆ ಅವರು ಪುಸ್ತಕದ ಸಮೇತ ತಮ್ಮ ಮಠಕ್ಕೆ ಹೋದರು, ಅಲ್ಲೇ ಮಣ್ಣಾದರು.

ಫಾದರ್ ನಿಧಾನವಾಗಿ ಬಿಡಿಸಿ ಹೇಳಿದರು. ಪಾದ್ರಿ ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಮದುವೆ ಮಾಡಿಸುವ ಹಾಗಿಲ್ಲ. ಆ ಜಾಗದ ಚರ್ಚಿನ ಅನುಮತಿ ಬೇಕು. ಅದಿಲ್ಲದೆ ನಡೆದದ್ದು ಧರ್ಮಸಭೆಯ ಲೆಕ್ಕದಲ್ಲಿ ಮದುವೆಯಲ್ಲ. ಗೊತ್ತಿಲ್ಲದೆ ಆದದ್ದು, ಹಾಗಾಗಿ ಪಾಪವೇನೂ ಇಲ್ಲ. ಮಗಳಿಗೆ ಯಾವ ಕುಂದೂ ಇಲ್ಲ. ಸರ್ಕಾರದಲ್ಲಿ ಬರೆಸಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈಗ ಗೊತ್ತಾಯಿತಲ್ಲ, ಸರಿ ಮಾಡಿಕೊಳ್ಳಬೇಕು. ಅದಕ್ಕೆ ಎರಡು ದಾರಿ. ಒಂದು, ಬಿಷಪ್‌ಗೆ ಬರೆದು ಕಾಗದ ತರಿಸುವುದು. ಹಳೆಯ ಮದುವೆಯೇ ಬುಡದಿಂದ ಸರಿಹೋಗುತ್ತದೆ, ಸಮಾರಂಭ ಬೇಡ, ಸಹಿ ಸಾಕು. ಇನ್ನೊಂದು, ಚರ್ಚಿನಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಇಬ್ಬರೂ ಮತ್ತೊಮ್ಮೆ ಬಾಯಿಬಿಟ್ಟು ಒಪ್ಪಿಗೆ ಹೇಳುವುದು. ಅದಕ್ಕೆ ಮುಂಚೆ ಫಾದರ್ ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳುತ್ತಾರೆ, ಯಾರದಾದರೂ ಒತ್ತಾಯವಿದೆಯೇ ಎಂದು.

ಡ್ರೈವರಿಗೆ ಉಸಿರು ಬಂತು. ಇಷ್ಟೇನಾ.

"ಕಾಗದದ ದಾರೀನೇ ಸಾಕು ಫಾದರ್. ನಮ್ಮಿಬ್ಬರದೂ ಒಪ್ಪಿಗೆ ಇದೆ, ಬರ್ಕೊಳ್ಳಿ."

ಫಾದರ್ ಪೆನ್ನು ಎತ್ತಲಿಲ್ಲ. "ನಿಮ್ಮದು ಸರಿ. ಅವರದನ್ನ ಅವರೇ ಹೇಳ್ಬೇಕು. ಯಾವ ದಾರಿ ಆದ್ರೂ ಅದು ಬೇಕು."

ಇಬ್ಬರೂ ಅವಳ ಕಡೆ ತಿರುಗಿದರು. ಅವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ದಿನಕ್ಕೆ ನಾನೂರು ಹೊದಿಕೆ ಮಡಿಸುವ ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

"ಯೋಚನೆ ಮಾಡ್ಬೇಕು ಫಾದರ್," ಎಂದಳು.

ಡ್ರೈವರ್ ನಕ್ಕ. ತಮಾಷೆ ಇರಬೇಕು ಎಂದುಕೊಂಡ. ಅವಳು ನಗಲಿಲ್ಲ, ಫಾದರೂ ನಗಲಿಲ್ಲ. ಯೋಚಿಸಿ, ಅವಸರವಿಲ್ಲ, ಜುಬಿಲಿಗೆ ಇನ್ನೂ ಐದು ವಾರ ಇದೆ ಎಂದು ಫಾದರ್ ಎದ್ದು ನಿಂತರು.

ದಾರಿಯಲ್ಲಿ ಅವನು ಎರಡು ಸಲ ಕೇಳಿದ, ಏನು ಯೋಚನೆ ಎಂದು. ಮಾಡಿದ ಮೇಲೆ ಹೇಳ್ತೀನಿ ಎಂದು ಅವಳು ಎರಡು ಸಲವೂ ಹೇಳಿದಳು. ಅಂಗಡಿಯಲ್ಲಿ ಬ್ರೆಡ್ಡು, ಮೊಟ್ಟೆ ಕೊಂಡಳು. ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು, ಎಂದಿನಂತೆ.

ಮನೆಗೆ ಬಂದವಳೇ ತನ್ನ ದಿಂಬು, ಹೊದಿಕೆ ಎತ್ತಿಕೊಂಡು ಮಗಳ ಕೋಣೆಗೆ ಹೋದಳು.

"ಇದೇನು ಹೊಸ ವರಸೆ?" ಎಂದ ಡ್ರೈವರ್.

"ಮದುವೆ ಆಗದವರು ಒಂದೇ ಕೋಣೇಲಿ ಮಲಗೋ ಹಾಗಿಲ್ಲ. ಸಣ್ಣವಳಿದ್ದಾಗಿಂದ ನನಗೆ ಹಾಗೇ ಹೇಳ್ಕೊಟ್ಟಿದ್ದಾರೆ."

"ಅಮ್ಮ, ನೀನು ಗೊರಕೆ ಹೊಡೀತೀಯ. ನನಗೆ ಪರೀಕ್ಷೆ ಇದೆ," ಎಂದಳು ರೇಡಿಯೋ.

"ಇಷ್ಟು ವರ್ಷ ನಿಮ್ಮಪ್ಪ ಕೇಳಿಸ್ಕೊಂಡಿದ್ದಾರೆ. ಈಗ ನಿನ್ನ ಸರದಿ."

ಮನೆಯ ಕೆಲಸದಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಾಗಲಿಲ್ಲ. ಬೆಳಗ್ಗೆ ಐದಕ್ಕೆ ಡಬ್ಬಿ ತಯಾರು, ಸಮವಸ್ತ್ರ ಇಸ್ತ್ರಿ, ಅಜ್ಜಿಯ ಮಾತ್ರೆ ಮೂರು ಬಣ್ಣದ ಮೂರು ಬಟ್ಟಲಲ್ಲಿ. ಮುನಿಸಿದ್ದರೆ ಡ್ರೈವರಿಗೆ ಸುಲಭವಿತ್ತು. ಅನ್ನಿಸಿಕೊಂಡು, ಎರಡು ದಿನ ತಗ್ಗಿ ನಡೆದು, ಮೂರನೆಯ ದಿನ ಮೀನು ತಂದರೆ ಮುಗಿಯುತ್ತಿತ್ತು. ಇವಳು ಎಲ್ಲರ ಜೊತೆ ನಗುನಗುತ್ತಾ ಮಾತಾಡುತ್ತಿದ್ದಳು, ಅವನ ಜೊತೆಯೂ. ಆ ಒಂದು ಮಾತು ಬಿಟ್ಟು.

ಭಾನುವಾರ ಇನ್ನೊಂದು ಪೇಚು. ಚರ್ಚಿನಲ್ಲಿ ಕಾಣಿಕೆಯ ಚೀಲ ಹಿಡಿದು ಸಾಲುಸಾಲು ನಡೆಯುವವನು ಡ್ರೈವರೇ. ಪರಮಪ್ರಸಾದ ತೆಗೆದುಕೊಳ್ಳಲೂ ಎಲ್ಲರಿಗಿಂತ ಮೊದಲು ಏಳುವವನು ಅವನೇ. ಮದುವೆ ಸರಿಹೋಗುವ ತನಕ ಪ್ರಸಾದ ತೆಗೆದುಕೊಳ್ಳುವ ಹಾಗಿಲ್ಲವಾದ್ದರಿಂದ ಆವತ್ತು ಗಂಡ ಹೆಂಡತಿ ಇಬ್ಬರೂ ಏಳಲಿಲ್ಲ. ಅವರ ಮಂಡಿ ದಾಟಿಕೊಂಡು ಇಡೀ ಸಾಲು ಹೋಯಿತು, ಹೋಗುವಾಗ ಒಂದು ಸಲ ನೋಡಿತು, ಬರುವಾಗ ಇನ್ನೊಂದು ಸಲ. ಹೊರಗೆ ಬಂದ ಮೇಲೆ ಗಾಯನ ತಂಡದ ದರ್ಜಿ ಹೆಂಗಸು ರೇಡಿಯೋಳನ್ನು ಹಿಡಿದು ಮೆಲ್ಲಗೆ ಕೇಳಿದಳು, ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಮಾಡಿದ ಪಾಪ ಯಾವುದು ಎಂದು. ಅಪ್ಪ ಅಮ್ಮನಿಗೆ ಇನ್ನೂ ಮದುವೆ ಆಗಿಲ್ಲ ಆಂಟಿ, ಮಾತುಕತೆ ನಡೀತಿದೆ ಎಂದುಬಿಟ್ಟಳು ಹುಡುಗಿ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಆ ತುದಿಯಿಂದ ಈ ತುದಿಗೆ ಸುದ್ದಿ ಒಂದು ಸುತ್ತು ಹಾಕಿ ಅವರ ಮನೆಗೇ ವಾಪಸು ಬಂತು.

ಡ್ರೈವರಿಗೆ ಸಲಹೆ ಕೊಟ್ಟದ್ದು ಅವನ ಬಸ್ಸಿನ ಕಂಡಕ್ಟರ್. ಇಬ್ಬರೂ ಹನ್ನೊಂದು ವರ್ಷದಿಂದ ಒಂದೇ ಗಾಡಿ. ಡಿಪೋದ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಕೂತಾಗ ಕಂಡಕ್ಟರ್ ಎಲ್ಲ ಕೇಳಿ, ಬಾಯಲ್ಲಿದ್ದದ್ದನ್ನು ನುಂಗಿ, ತೀರ್ಪು ಹೇಳಿದ. ಹೆಣ್ಣುಮಕ್ಕಳಿಗೆ ಮದುವೆಯ ದಿನ ಅಂದರೆ ಒಂದು ಆಸೆ ಇರುತ್ತೆ. ನಿನ್ನದು ಪರದೆ ಹಿಂದಿನ ಮದುವೆ. ಬ್ಯಾಂಡಿಲ್ಲ, ಹೂವಿಲ್ಲ, ಪಕ್ಕದ ಮಂಚದವನಿಗೆ ಇಂಜೆಕ್ಷನ್. ಆ ಕೊರತೆ ಮನಸ್ಸಲ್ಲಿ ಕೂತಿದೆ. ದೊಡ್ಡದಾಗಿ ಮಾಡು, ತಾನಾಗೇ ಹೂಂ ಅಂತಾಳೆ.

ಡ್ರೈವರಿಗೆ ಮಾತು ಬೆಣ್ಣೆಯಂತೆ ಇಳಿಯಿತು. ಎರಡೇ ವಾರದಲ್ಲಿ ಓಡಾಡಿ ಎಲ್ಲ ಗೊತ್ತುಮಾಡಿದ. ಜುಬಿಲಿಯ ಭಾನುವಾರವೇ, ಪೂಜೆಯಾದ ಮೇಲೆ, ಎಲ್ಲರ ಎದುರು ಒಪ್ಪಿಗೆ. ಹಿಂದಿನ ಹಾಲ್. ಮೂರು ಅಂತಸ್ತಿನ ಕೇಕು. ಬೇರೆ ಊರಿನಲ್ಲಿದ್ದ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ, ಫೋನು. ಗಾಯನ ತಂಡಕ್ಕೆ ಮೂರು ಹಾಡು. ಎಲ್ಲರಿಗೂ ಒಂದೇ ಮಾತು: ಅವಳಿಗೆ ಗೊತ್ತಾಗಬಾರದು.

ಅವಳಿಗೆ ಗೊತ್ತಾದದ್ದು ಬ್ರೆಡ್ಡಿನ ಅಂಗಡಿಯಲ್ಲಿ. ದರ್ಜಿ ಹೆಂಗಸು ಎಷ್ಟು ಹೊತ್ತು ತಾನೇ ತಡೆದುಕೊಂಡಾಳು. ಕೈಯಲ್ಲಿ ಹೂವು ಹಿಡಿಯೋದು ಬಿಳಿಯದೋ ಕೆಂಪೋ ಎಂದು ಕೇಳಿಯೇಬಿಟ್ಟಳು.

ಆ ಸಂಜೆ ಊಟಕ್ಕೆ ಹುರಿದ ಮೀನು, ಬೇಯಿಸಿದ ಆಲೂಗಡ್ಡೆ. ನಾಲ್ವರೂ ಕೂತಿದ್ದರು. ಹೆಂಡತಿ ಅಜ್ಜಿಯ ತಟ್ಟೆಯ ಮೀನಿನಿಂದ ಮುಳ್ಳು ಬಿಡಿಸುತ್ತಾ, ಹಾಲ್‌ಗೆ ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಿದಳು.

ಡ್ರೈವರಿನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಗಳ ಕಡೆ ನೋಡಿದ. ನಾನಲ್ಲ ಎಂದು ಅವಳು ಎರಡೂ ಕೈ ಎತ್ತಿದಳು. ಜೀವಮಾನದಲ್ಲಿ ಮೊದಲ ಸಲ ಅದು ನಿಜವಾಗಿತ್ತು.

"ನಿನಗೆ ಖುಷಿ ಆಗ್ಲಿ ಅಂತ ಮಾಡಿದ್ದು," ಎಂದ ಡ್ರೈವರ್.

"ನನಗೆ ಖುಷಿ ಆಗತ್ತೆ ಅಂತ ಯಾರು ಹೇಳಿದ್ರು?"

"ಕಂಡಕ್ಟರ್."

ಅಜ್ಜಿಗೆ ಕೆಮ್ಮು ಬಂತು. ಸೊಸೆ ನೀರು ಕೊಟ್ಟಳು, ಬೆನ್ನು ಸವರಿದಳು, ಮತ್ತೆ ಕೂತಳು.

"ನನ್ನನ್ನ ಬಿಟ್ಟು ಊರಲ್ಲಿ ಇನ್ಯಾರನ್ನ ಕೇಳೋದು ಉಳ್ಸಿದ್ದೀರ?" ಅವಳ ದನಿ ಏರಲಿಲ್ಲ. "ಫಾದರ್ ಕೇಳಿದ್ದು ನನ್ನನ್ನ. ನನ್ನ ಒಂದು ಮಾತು ಬೇಕು ಅಂದ್ರು. ಆ ಮಾತು ಬರೋಕೆ ಮುಂಚೆ ನೀವು ಕೇಕ್ ಹೇಳಿ ಬಂದ್ರಿ, ನಮ್ಮಣ್ಣನ್ನ ಕರೆದ್ರಿ. ಈಗ ನಾನು ಬೇಡ ಅಂದ್ರೆ ಊರಿಗೆಲ್ಲ ನಾನೇ ಕೆಟ್ಟೋಳು. ಬೇಕು ಅಂದ್ರೆ, ಅದು ನಾನು ಹೇಳಿದ ಮಾತಾ? ಕೇಕ್ ಹೇಳಿಸಿದ್ದಲ್ವಾ?"

"ನೋಡು, ಇಪ್ಪತ್ತೈದು ವರ್ಷದಲ್ಲಿ ನಿನಗೆ ಬೇಡ ಅನ್ನೋದನ್ನ ನಾನು ಒಂದಾದ್ರೂ..."

"ಈ ಮನೆಗೆ ಬಂದಿದ್ದು ಕೇಳಿದ್ರಾ? ಲಾರಿ ಬಾಗಿಲಿಗೆ ಬಂದ ಮೇಲೆ ಹೇಳಿದ್ರಿ."

"ಬಾಡಿಗೆ ಮನೆ ಕೈತಪ್ಪಿ ಹೋಗ್ತಿತ್ತು."

"ಸಿಸ್ಟರ್ ಕೇಳಿದ್ದು?"

ಅವಳ ಲಾಂಡ್ರಿಯ ಉಸ್ತುವಾರಿ ಒಬ್ಬ ಕನ್ಯಾಸ್ತ್ರೀಯದು, ಎಲ್ಲರ ಬಾಯಲ್ಲೂ ಸಿಸ್ಟರ್. ದಿನಾ ಬೆಳಗ್ಗೆ ಇವನದೇ ಬಸ್ಸು ಹತ್ತಿ, ಇವನ ಸೀಟಿನ ಹಿಂದೆಯೇ ಕೂರುವವರು. ಎರಡು ವರ್ಷದ ಹಿಂದೆ ಒಂದು ದಿನ, ಇಳಿಯುವಾಗ, ಮಡಿಸುವ ವಿಭಾಗಕ್ಕೆ ಮೇಲ್ವಿಚಾರಕಿ ಬೇಕಾಗಿದ್ದಾರೆ, ನಿಮ್ಮ ಮನೆಯವರು ಮಾಡ್ತಾರಾ ಎಂದು ಕೇಳಿದ್ದರು. ಅವಳಿಗೆ ಆಗಲ್ಲ ಸಿಸ್ಟರ್, ಮನೇಲಿ ಅಮ್ಮ ಇದ್ದಾರೆ ಎಂದು ಇವನು ಗೇರ್ ಹಾಕಿದ್ದ. ಮುಂದಿನ ಸ್ಟಾಪ್ ಬರುವಷ್ಟರಲ್ಲಿ ಮರೆತೂ ಬಿಟ್ಟಿದ್ದ.

"ನಿನಗೆ ಹೇಗೆ..."

"ಆ ವಾರಾನೇ ಗೊತ್ತಾಯ್ತು. ಆ ಕೆಲಸ ಬೇಕಿತ್ತೋ ಬೇಡ್ವೋ, ಅದು ನನಗೂ ಗೊತ್ತಿಲ್ಲ. ಯೋಚನೆ ಮಾಡೋಕೆ ನನಗೆ ಸಿಗಲೇ ಇಲ್ಲ."

ಅವಳು ಎದ್ದು ತಟ್ಟೆ ತೊಳೆದಿಟ್ಟಳು, ತನ್ನದೊಂದನ್ನೇ. ಅದುವರೆಗೆ ಆ ಮನೆಯಲ್ಲಿ ಹಾಗೆ ಆದದ್ದಿಲ್ಲ. ಉಳಿದ ಮೂರು ತಟ್ಟೆಗಳನ್ನು ಡ್ರೈವರ್ ತೊಳೆದ. ರೇಡಿಯೋ ಒರೆಸಿಟ್ಟಳು, ತುಟಿ ಪಿಟಕ್ಕೆನ್ನದೆ.

ಮರುದಿನ ಅವನಿಗೆ ವಾರದ ರಜೆ. ಹೆಂಡತಿ ಕೆಲಸಕ್ಕೆ, ಮಗಳು ಕಾಲೇಜಿಗೆ ಹೋದರು. ಅಜ್ಜಿ ಕಾಲು ಮುಂದೆ ಚಾಚಿ ಉಗುರು ಕತ್ತರಿಸಿಕೊಡು ಎಂದಳು. ಸೊಸೆ ಮಾಡುವ ಕೆಲಸ ಅದು, ಮಗನಿಗೆ ಅಭ್ಯಾಸವಿಲ್ಲ. ಬೋಗುಣಿಯಲ್ಲಿ ಬಿಸಿನೀರು ತಂದು, ಕಾಲು ನೆನೆಸಿ, ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತ. ಕೂತವನು ದೂರು ಶುರುಮಾಡಿದ. ನಾನೇನು ಕುಡಿದು ಬಂದೆನಾ, ಹೊಡೆದೆನಾ, ದುಡಿದದ್ದನ್ನು ಬೇರೆಯವರ ಮನೆಗೆ ಹಾಕಿದೆನಾ. ಅಷ್ಟು ಜನರಿದ್ದ ವಾರ್ಡಿನಲ್ಲಿ, ದೇವರ ಎದುರು ಒಪ್ಪಿದವಳು ಈಗ ಯೋಚನೆ ಮಾಡಬೇಕು ಅಂದರೆ ಏನರ್ಥ.

"ಅವಳೆಲ್ಲಿ ಒಪ್ಪಿದ್ಲು?" ಎಂದಳು ಅಜ್ಜಿ.

"ಅಂದ್ರೆ?"

"ಹೆಬ್ಬೆರಳು ಹುಷಾರು. ಆವತ್ತು ಬೆಳಗ್ಗೆ ಕೆಲಸದಲ್ಲಿದ್ದ ಹುಡುಗೀನ, ಬಾ, ಇವತ್ತೇ ಮದುವೆ ಅಂತ ನಾನೇ ಕರ್ಕೊಂಡು ಬಂದಿದ್ದು. ಅವಳ ಅಕ್ಕನ ಬಟ್ಟೆ ಹಾಕಿಸ್ದೆ. ಭುಜ ದೊಡ್ಡದಾಯ್ತು ಅಂತ ಆಸ್ಪತ್ರೆ ಪಿನ್ನು ಚುಚ್ಚಿದ್ದು. ನಿಮ್ಮ ಚಿಕ್ಕಪ್ಪ ನಿನ್ನನ್ನ ಕೇಳ್ದ, ನೀನು ಗಟ್ಟಿಯಾಗಿ ಹೂಂ ಅಂದೆ. ಆಮೇಲೆ ಅವಳನ್ನ ಕೇಳ್ದ. ಅಷ್ಟರಲ್ಲಿ ನಿಮ್ಮಪ್ಪನಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ನರ್ಸ್ ಓಡಿ ಬಂದ್ಲು. ಆಗ ನೀನೇ ಅಂದಿದ್ದು, 'ಒಪ್ಪಿದ್ದಾಳೆ ಚಿಕ್ಕಪ್ಪ, ಮುಂದೆ ಓದಿ' ಅಂತ."

ಡ್ರೈವರ್ ಉಗುರಿನ ಕತ್ತರಿ ಹಿಡಿದುಕೊಂಡೇ ಕೂತ. ಅವನಿಗೆ ಅಪ್ಪನ ಕೆಮ್ಮು ನೆನಪಿತ್ತು, ನರ್ಸ್ ನೆನಪಿತ್ತು. ತಾನು ಹಾಗೆ ಅಂದದ್ದು ನೆನಪಿರಲಿಲ್ಲ.

"ಅವಳು ಬಾಯೇ ಬಿಡಲಿಲ್ವಾ?"

"ಬಿಡೋಕೆ ಎಲ್ಲಿ ಬಿಟ್ಯಪ್ಪ. ನನಗೂ ಆಗ ಗಂಡನ ಜೀವದ ಚಿಂತೆ. ಹುಡುಗಿ ಮಾತಾಡಿದ್ಲೋ ಇಲ್ವೋ ಅಂತ ಯಾರು ನೋಡ್ತಾರೆ. ಆಮೇಲೆ ಅಡುಗೆ ಮಾಡಿದ್ಲು, ಮಗು ಹೆತ್ತಳು, ನನ್ನ ಕಾಲು ಒತ್ತಿದ್ಲು. ಒಪ್ಪಿದ್ದಾಳೆ ಅಂತಾನೇ ನಾನೂ ತಿಳ್ಕೊಂಡೆ. ಇನ್ನೊಂದು ಕಾಲು ತಗೋ."

ಅವನು ಇನ್ನೊಂದು ಕಾಲು ತೆಗೆದುಕೊಂಡ. ಹತ್ತೂ ಉಗುರು ಮುಗಿಸಿ, ಕಾಲು ಒರೆಸಿ, ನೀರು ಚೆಲ್ಲಿ ಬಂದ.

ಆ ಸಂಜೆ ಡ್ರೈವರ್ ಹೋಗಿ ಹಾಲ್ ಬೇಡ ಎಂದ. ಬೇಕರಿಯವನಿಗೆ ಬೇಡ ಎಂದ. ದರ್ಜಿ ಹೆಂಗಸಿಗೆ ಬೇಡ ಎನ್ನುವುದಕ್ಕೆ ಅರ್ಧ ಗಂಟೆ ಹಿಡಿಯಿತು, ಯಾಕೆಂದರೆ ಮೂರನೆಯ ಹಾಡಿನ ಎರಡನೆಯ ದನಿ ಆಗಲೇ ಕಲಿಸಿ ಆಗಿತ್ತಂತೆ. ಭಾವ ಫೋನಿನಲ್ಲಿ ಬಾಯಿಗೆ ಬಂದದ್ದು ಬೈದ. ರಜೆ ಹಾಕಿದ್ದೀನಿ, ಹೊಸ ಬೂಟು ತಗೊಂಡಿದ್ದೀನಿ, ನಿಮ್ಮ ಮನೆಯವರಿಗೆ ಒಂದು ಮದುವೇನಾದ್ರೂ ನೆಟ್ಟಗೆ ಮಾಡೋಕೆ ಬರತ್ತಾ ಎಂದ. ಡ್ರೈವರ್ ಎಲ್ಲಕ್ಕೂ ಹೌದು ಹೌದು ಎಂದು ಕೇಳಿಸಿಕೊಂಡ.

ಇಷ್ಟಾದರೂ ಹೆಂಡತಿಯ ಮುಂದೆ ಬಾಯಿ ಬರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಾ ನಾಲ್ಕು ದಿನ ಕಳೆದವು. ಜುಬಿಲಿಗೆ ಇನ್ನು ಹನ್ನೊಂದೇ ದಿನ. ಫಾದರ್ ಪಟ್ಟಿ ಅಚ್ಚಿಗೆ ಕೊಡಬೇಕು ಎಂದು ಹೇಳಿಕಳಿಸಿದ್ದರು.

ಬುಧವಾರ ಬೆಳಗ್ಗೆ ಸಿಸ್ಟರ್ ಎಂದಿನಂತೆ ಬಸ್ಸು ಹತ್ತಿ ಹಿಂದೆ ಕೂತರು. ಅವರ ಸ್ಟಾಪ್ ಬಂತು. ಇಳಿಯುವ ಮೆಟ್ಟಿಲ ಮೇಲೆ ನಿಂತು, ಈಗಿನ ಮೇಲ್ವಿಚಾರಕಿ ತಿಂಗಳ ಕೊನೆಗೆ ನಿವೃತ್ತಿ ಆಗುತ್ತಿದ್ದಾರೆ ಎಂದರು. ನಿಮ್ಮ ಮನೆಯವರಿಗೆ ಈಗಲೂ ಆಗಲ್ವಾ ಎಂದರು.

ಆಗತ್ತೆ ಸಿಸ್ಟರ್, ಖಂಡಿತ ಮಾಡ್ತಾಳೆ ಎಂಬ ಮಾತು ಡ್ರೈವರಿನ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಈ ಮಾತಿಂದ ಎಲ್ಲ ಸರಿಹೋಗುತ್ತೆ ಎಂದೂ ಅನ್ನಿಸಿತು. ಹಲ್ಲು ಕಚ್ಚಿದ. ಹಿಂದಿನ ಗಾಡಿಗಳು ಹಾರನ್ ಹೊಡೆಯತೊಡಗಿದವು. ಏನಾಯ್ತೋ ಎಂದು ಕಂಡಕ್ಟರ್ ಹಿಂಬಾಗಿಲಿಂದ ಇಣುಕಿದ.

"ನನ್ನನ್ನ ಕೇಳ್ಬೇಡಿ ಸಿಸ್ಟರ್. ಅವಳನ್ನೇ ಕೇಳಿ. ಹೋದ ಸಲ ನಾನು ಹೇಳಿದ್ದು ನನ್ನ ಮಾತು, ಅವಳದಲ್ಲ."

ಸಿಸ್ಟರ್ ಒಂದು ಕ್ಷಣ ಅವನನ್ನೇ ನೋಡಿದರು. "ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತಾ?" ಎಂದು ಇಳಿದು ಹೋದರು.

ಸಂಜೆ ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ರೇಡಿಯೋ ಮೂಲೆಯಲ್ಲಿ ಪುಸ್ತಕ ತೆರೆದು ಕೂತಿದ್ದಳು, ಎಷ್ಟು ಹೊತ್ತಾದರೂ ಹಾಳೆ ತಿರುಗುತ್ತಿರಲಿಲ್ಲ. ಅಜ್ಜಿ ತನ್ನ ಕಿಟಕಿಯ ಪಕ್ಕ. ಡ್ರೈವರ್ ಕೈಕಾಲು ತೊಳೆದು ಬಂದು ಬಟ್ಟೆಯ ರಾಶಿಯ ಈ ಕಡೆ ಕೂತು ಒಂದು ಹೊದಿಕೆಯ ತುದಿ ಹಿಡಿದ. ಅವಳು ಆ ತುದಿ ಹಿಡಿದಳು. ಇಬ್ಬರೂ ಮಡಿಸಿದರು.

ಸಿಸ್ಟರ್ ಮಾತಾಡಿದರು ಎಂದು ಅವಳೇ ಹೇಳಿದಳು. ಒಂದು ವಾರ ಕೊಡಿ ಎಂದು ಕೇಳಿದ್ದಾಳಂತೆ. ಒಪ್ಪಿಕೋ ಎನ್ನಬೇಕೆಂದಿದ್ದ ಡ್ರೈವರ್ ಹೂಂ ಎಂದ, ಅಷ್ಟೇ. ಇನ್ನೊಂದು ಹೊದಿಕೆ ಮಡಿಸಿದರು.

"ಆವತ್ತು ವಾರ್ಡಲ್ಲಿ ನಿನ್ನ ಮಾತನ್ನೂ ನಾನೇ ಆಡಿಬಿಟ್ಟಿದ್ನಂತೆ," ಎಂದ. "ಅಮ್ಮ ಹೇಳಿದ್ಲು. ನನಗೆ ನೆನಪೇ ಇರ್ಲಿಲ್ಲ."

"ನನಗಿತ್ತು."

"ಹಾಲ್ ಬೇಡ ಅಂದೆ. ಕೇಕೂ ಬೇಡ ಅಂದೆ."

"ಗೊತ್ತು. ನಮ್ಮಣ್ಣ ನನಗೂ ಬೈದ."

ಅವನು ಹೊದಿಕೆಯ ತುದಿ ಬಿಡಲಿಲ್ಲ. "ಈಗ ಕೇಳ್ತಿದ್ದೀನಿ. ನಾನು ನಿನಗೆ ಬೇಕಾ, ಬೇಡ್ವಾ? ಬೇಡ ಅಂದ್ರೂ ಹೇಳು, ಕೇಳಿಸ್ಕೋತೀನಿ. ಮಧ್ಯೆ ಬಾಯಿ ಹಾಕಲ್ಲ."

ಒಲೆಯ ಮೇಲೆ ನೀರು ಕುದಿದು ಮುಚ್ಚಳ ತಟಗುಟ್ಟುತ್ತಿತ್ತು. ಮಗಳು ಏಳಹೋದವಳು ಅಲ್ಲೇ ಕೂತಳು. ಡ್ರೈವರ್ ನಾಲ್ಕು ಸಲ ಬಾಯಿ ತೆರೆದು ನಾಲ್ಕು ಸಲವೂ ಮುಚ್ಚಿದ.

"ಬೇಡ ಅಂದ್ರೆ ಏನ್ಮಾಡ್ತೀರ?"

"ಗೊತ್ತಿಲ್ಲ."

"ನಿಮ್ಮ ಬಾಯಲ್ಲಿ ಗೊತ್ತಿಲ್ಲ ಅಂತ ಕೇಳಿದ್ದು ಇದೇ ಮೊದಲು," ಎಂದಳು ಅವಳು. ಹೊದಿಕೆಯನ್ನು ಅವನ ಕೈಯಿಂದ ಬಿಡಿಸಿ, ಮಡಿಸಿ, ರಾಶಿಯ ಮೇಲಿಟ್ಟಳು. ಹೋಗಿ ಒಲೆ ಆರಿಸಿದಳು. ಕೈ ಒರೆಸಿಕೊಂಡು ಫೋನು ತೆಗೆದು ಫಾದರ್‌ಗೆ ಕರೆ ಮಾಡಿದಳು, ಎಲ್ಲರಿಗೂ ಕೇಳುವ ಹಾಗೆ, ಅಲ್ಲೇ ನಿಂತು.

ಕಾಗದದ ದಾರಿ ಬೇಡ ಎಂದಳು. ಜುಬಿಲಿಯ ಪಟ್ಟಿಯಿಂದ ತಮ್ಮ ಹೆಸರು ತೆಗೆದುಬಿಡಿ, ಅದು ಎಲ್ಲರ ಮುಂದೆ ಆಗುವುದು ತನಗೆ ಇಷ್ಟವಿಲ್ಲ ಎಂದಳು. ಆ ಕಡೆಯಿಂದ ಫಾದರ್ ಏನೋ ಕೇಳಿದರು.

"ಇಲ್ಲ ಫಾದರ್. ಸಹಿ ಅಲ್ಲ. ಬಾಯಿಬಿಟ್ಟೇ ಹೇಳ್ತೀನಿ. ನಾಳೆ ಸಂಜೆ ಐದೂವರೆಗೆ ಆಗತ್ತಾ? ಮೊದಲು ನನ್ನನ್ನ ಒಬ್ಬಳನ್ನೇ ಕೂರಿಸಿ ಕೇಳಿ. ಆಮೇಲೆ ಇವರನ್ನ. ಆಮೇಲೆ ಇಬ್ಬರನ್ನೂ ನಿಲ್ಲಿಸಿ."

ಡ್ರೈವರ್ ಹೊದಿಕೆಯ ರಾಶಿಯ ಪಕ್ಕ ಕೂತಲ್ಲೇ ಕೂತಿದ್ದ. ಮುಖ ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಆಗಷ್ಟೇ ಮಡಿಸಿದ್ದ ದಿಂಬಿನ ಚೀಲ.

ಅವಳು ಫೋನು ಇಟ್ಟು, "ಐದೂವರೆಗೆ ನಿಮಗೆ ಬರೋಕಾಗತ್ತಾ?" ಎಂದು ಕೇಳಿದಳು.

ಅವನ ಪಾಳಿ ಆರಕ್ಕೆ ಮುಗಿಯುವುದು. ಎರಡನೆಯ ಪಾಳಿಯವನು ಒಂದು ಗಂಟೆ ಮುಂಚೆ ಬರಬೇಕು. ಅವನು ಬಂದೇ ಬರ್ತಾನೆ ಎನ್ನಹೋಗಿ, ಅವನನ್ನು ಕೇಳಿ ಹೇಳ್ತೀನಿ ಎಂದ. ಅಲ್ಲೇ ಫೋನು ಮಾಡಿ ಕೇಳಿದ. ಆಗುತ್ತೆ ಅಂದನಂತೆ.

"ಸಾಕ್ಷಿ ಇಬ್ಬರು ಬೇಕು," ಎಂದಳು ಹೆಂಡತಿ.

ನಾನು ಒಬ್ಬಳು ಎಂದು ರೇಡಿಯೋ ಪುಸ್ತಕ ಮುಚ್ಚಿ ಎದ್ದೇಬಿಟ್ಟಳು. ಅಪ್ಪ ಅಮ್ಮನ ಮದುವೆಗೆ ಸಾಕ್ಷಿ ಆಗೋ ಭಾಗ್ಯ ತನ್ನ ಕಾಲೇಜಲ್ಲಿ ಇನ್ಯಾರಿಗೂ ಸಿಕ್ಕಿರಲಿಕ್ಕಿಲ್ಲ ಎಂದಳು. ಇನ್ನೊಬ್ಬರು ಯಾರು ಎಂದಾಗ ಅಮ್ಮ ಇದ್ದಾಳಲ್ಲ ಎಂದ ಡ್ರೈವರ್, ಕಿಟಕಿಯ ಕಡೆ ನೋಡದೆಯೇ.

"ನನ್ನನ್ನ ಯಾರೂ ಕೇಳಿಲ್ಲ," ಎಂದಿತು ಕಿಟಕಿ.

ಹೆಂಡತಿ ಹೋಗಿ ಅಜ್ಜಿಯ ಕುರ್ಚಿಯ ಪಕ್ಕ ಕೂತಳು. ಮಂದ ಕಿವಿಯ ಹತ್ತಿರ ಬಾಗಿದಳು.

"ಅತ್ತೆ, ನಾಳೆ ನನ್ನ ಮದುವೆ. ಸಾಕ್ಷಿಗೆ ನೀವು ಬರ್ತೀರಾ?"

ಅಜ್ಜಿ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಭುಜದ ಮೇಲೆ ಒಂದು ಸಲ ಕೈಯಾಡಿಸಿದಳು.

"ಎಷ್ಟು ಗಂಟೆಗೆ ಅಂದೆ?"

"ಐದೂವರೆಗೆ."

"ಆ ಚರ್ಚಿಗೆ ಒಂಬತ್ತು ಮೆಟ್ಟಿಲಿದೆ. ಐದಕ್ಕೇ ಹೊರಡೋಣ."